ಮೋಂಢಾದ ಬೆಕ್ಕುಗಳು ಯಾರ ಲೆಕ್ಕಕ್ಕೆ?

ಉಮರ್ಗಾ ತಾಲ್ಲೂಕಿನ ಮುರುಮ, ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ: ಗಡಿಯಾಚೆಯ ಈ ಪೇಟೆಗಳಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು, ಎರಡರ ನಡುವೆ ಮೋಂಢಾ ಉಂಟು. ಧಾನ್ಯದ ಪೇಟೆಗೆ ಮರಾಠವಾಡಾದ ಹೆಸರು ಅದು. ತೊಗರಿ, ಕಡಲೆ, ಸೋಯಾಬೀನ್ ಚೀಲ ಬಂದು ಬೀಳುವ ಅಡತಿ ಅಂಗಡಿಗಳಲ್ಲಿ ಬೆಕ್ಕು ಇರುವುದು ತಕ್ಕಡಿ ಇರುವಷ್ಟೇ ಸಹಜ. ಯಾರೂ ಅದನ್ನು ತಂದು ಸಾಕಿದ್ದಲ್ಲ, ಯಾರೂ ಓಡಿಸುವುದೂ ಇಲ್ಲ. ಮರಿಗಳು ಹೆಚ್ಚಾಗಿ, ರಾತ್ರಿ ಅರಚಾಟ ಶುರುವಾಗಿ, ಅಡುಗೆಮನೆಯ ಹಾಲಿಗೆ ಬಾಯಿ ಬಿದ್ದಾಗ ಮಾತ್ರ ಊರಿಗೆ ಅವುಗಳ ನೆನಪಾಗುತ್ತದೆ. ಆಗ ಹೊಳೆಯುವ ಉಪಾಯ ಒಂದೇ: ಚೀಲದಲ್ಲಿ ಕಟ್ಟಿ ಊರ ಹೊರಗೆ ಬಿಟ್ಟು ಬರುವುದು. ಈ ಉಪಾಯದಿಂದ ಬೆಕ್ಕು ಕಡಿಮೆಯಾಗುವುದಿಲ್ಲ. ಒಂದು ಪೇಟೆಯಲ್ಲಿ ಎಷ್ಟು ಬೆಕ್ಕು ಇರಬೇಕೆಂದು ತೀರ್ಮಾನಿಸುವುದು ನಮ್ಮ ಕಾಳಿನ ಚೀಲ ಮತ್ತು ನಮ್ಮ ತಿಪ್ಪೆ. ಅಲ್ಲಿ ಅನ್ನ ಇರುವವರೆಗೆ, ಒಂದು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ.

ಕಾಳಿದ್ದಲ್ಲಿ ಬೆಕ್ಕು ಇರುವುದು ಹೊಸ ಸಂಗತಿಯಲ್ಲ. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿ ಸಿಕ್ಕಿದೆ; ಅದಕ್ಕೆ ಸುಮಾರು 9,500 ವರ್ಷ. ಆ ದ್ವೀಪದಲ್ಲಿ ಮೂಲತಃ ಬೆಕ್ಕೇ ಇರಲಿಲ್ಲ, ಒಕ್ಕಲುತನ ಕಲಿತ ಜನ ದೋಣಿಯಲ್ಲಿ ಒಯ್ದಿದ್ದರು. ಮನುಷ್ಯ ಕಾಳು ಕೂಡಿಟ್ಟ, ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಅದೇ ಸಮುದ್ರದ ದಂಡೆಯ ಕೆಲವು ದೇಶಗಳು ಇಂದಿಗೂ ಬೀದಿಬೆಕ್ಕುಗಳ ಜೊತೆ ಬದುಕುತ್ತಿವೆ, ಆದರೆ ಕಾನೂನು ಮಾಡಿಕೊಂಡು. ಇಟಲಿಯ 1991ರ ಕಾಯ್ದೆಯ ಪ್ರಕಾರ ಬೀದಿಬೆಕ್ಕಿಗೆ ತಾನಿರುವ ಜಾಗದಲ್ಲೇ ಇರುವ ಹಕ್ಕಿದೆ. ಸಂತಾನಹರಣ ಮಾಡಿಸಿ ಅಲ್ಲೇ ಬಿಡುವುದು ಸರ್ಕಾರಿ ಪಶುವೈದ್ಯರ ಕೆಲಸ. ರೋಮ್ ನಗರದ ನಡುವಿನ ಲಾರ್ಗೊ ಅರ್ಜೆಂಟೀನಾದ ಹಾಳು ಗುಡಿಗಳಲ್ಲಿ ಬೆಕ್ಕುಗಳು ಹೀಗೇ ಇವೆ. ತುರ್ಕಿ 2004ರಲ್ಲಿ ಇಂಥದೇ ದಾರಿ ಹಿಡಿಯಿತು. 2024ರ ತಿದ್ದುಪಡಿಯಲ್ಲಿ ಆ ಕಾನೂನು ಬಿಗಿಯಾದದ್ದು ನಾಯಿಗಳ ಮೇಲೆ.

ಕಾಳು ಮತ್ತು ಇಲಿಯ ಸಂಬಂಧ ಎಷ್ಟು ಗಟ್ಟಿ ಎಂಬುದಕ್ಕೆ ಸೈಪ್ರಸ್‌ವರೆಗೆ ಹೋಗಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ಈ ಸೀಮೆಯ ಮಣ್ಣಿನ ಮಾಳಿಗೆ ಮನೆಗಳನ್ನು ಮಲಗಿದ್ದವರ ಮೇಲೆಯೇ ಕೆಡವಿತು. ಸುಮಾರು 10 ಸಾವಿರ ಜನ ಸತ್ತರು. ಉಳಿದವರು ಹಳೆಯ ಊರು ಬಿಟ್ಟರು, ಅಲ್ಲಿದ್ದ ಕಾಳನ್ನೆಲ್ಲ ಒಯ್ಯಲು ಆಗಲಿಲ್ಲ. ಮರುವರ್ಷ 1994ರ ಆಗಸ್ಟಿನಲ್ಲಿ ನೆರೆಯ ಬೀಡ ಜಿಲ್ಲೆಯ ಮಾಮ್ಲಾ ಹಳ್ಳಿಯಲ್ಲಿ ಇಲಿಗಳು ಸತ್ತು ಬಿದ್ದವು, ಪ್ಲೇಗಿನ ಸುದ್ದಿ ಎದ್ದಿತು, ಸೆಪ್ಟೆಂಬರಿನಲ್ಲಿ ಸೂರತ್ ನಗರದಿಂದ ಲಕ್ಷಾಂತರ ಜನ ಪ್ಲೇಗಿಗೆ ಬೆದರಿ ಓಡಿದರು. ಹಾಳುಮನೆಗಳಲ್ಲಿ ಉಳಿದ ಧಾನ್ಯ ತಿಂದು ಇಲಿ ಹೆಚ್ಚಿದ್ದು ಅದಕ್ಕೊಂದು ಕಾರಣ ಎಂದು ಆಗ ಹಲವು ತಜ್ಞರು ವಿವರಿಸಿದ್ದರು. ರೋಗದ ಬಗ್ಗೆ ವಾದಗಳು ಬೇಕಾದಷ್ಟು ನಡೆದವು. ಕಾಳು ತೆರೆದಿದ್ದರೆ ಇಲಿ ಹೆಚ್ಚುತ್ತದೆ ಎಂಬುದಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ.

ಹಾಗಾದರೆ ಬೆಕ್ಕು ಹೆಚ್ಚಿದಷ್ಟೂ ಒಳ್ಳೆಯದೇ ಎನ್ನುವವರಿದ್ದಾರೆ. ಬೆಕ್ಕನ್ನು ಮೆಚ್ಚುವವರ ಈ ವಾದವೂ ನಿಲ್ಲುವುದಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಸದ ಘಟಕವೊಂದರಲ್ಲಿ ಸಂಶೋಧಕರು 79 ದಿನ ಕ್ಯಾಮೆರಾ ಇಟ್ಟು ನೋಡಿದರು. ಅಷ್ಟು ದಿನದಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಹೆಗ್ಗಣ. ದೊಡ್ಡ ಹೆಗ್ಗಣದ ಜೊತೆ ಬೆಕ್ಕು ಜಗಳಕ್ಕೆ ಹೋಗುವುದಿಲ್ಲ. ಸುಲಭದ ಎಂಜಲು ಪಕ್ಕದಲ್ಲಿದ್ದರೆ ಇನ್ನೂ ಇಲ್ಲ. ಅದಕ್ಕೆ ಹಿಡಿಸುವುದು ಚಿಕ್ಕ ಇಲಿ. ಆದ್ದರಿಂದ ಗೋದಾಮಿನ ಕಾವಲನ್ನು ಬೆಕ್ಕಿಗೆ ಒಪ್ಪಿಸಿ ಕೂರುವುದು ಮೋಸ. ಚೀಲವನ್ನು ನೆಲದಿಂದ ಎತ್ತಿಡುವುದು, ಬಿಲ ಮುಚ್ಚುವುದು, ಉದುರಿದ ಕಾಳನ್ನು ಸಂಜೆಯೇ ಗುಡಿಸುವುದು ಅಡತಿಯವರ ಕೆಲಸವೇ. ಇಲಿಪಾಷಾಣ ಹಾಕಿದರೆ ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು, ಇಲಿ ಮಾತ್ರ ಕೆಲವು ತಿಂಗಳಿಗೆ ಮತ್ತೆ ಹಾಜರು.

ಊರ ಹೊರಗೆ ಬಿಡುವವರ ಕಡೆಗೂ ಒಂದು ಮಾತು ಹೇಳಬೇಕು, ಯಾಕೆಂದರೆ ಅವರಲ್ಲಿ ಬಹಳಷ್ಟು ಜನ ಕೊಲ್ಲಲು ಮನಸ್ಸಿಲ್ಲದವರು. ಪೇಟೆಯ ಎಂಜಲಿಗೆ ಒಗ್ಗಿದ ಬೆಕ್ಕು ಹೊಲದಲ್ಲಿ ನಾಯಿಯ ಬಾಯಿಗೆ ಬೀಳುತ್ತದೆ. ಬದುಕಿದರೆ ನೆಲದಲ್ಲಿ ಗೂಡು ಕಟ್ಟುವ ಗೌಜಲು, ನೆಲಗುಬ್ಬಿಗಳ ಮರಿಗಳಿಗೆ ಕಾಟ. ಬೆಕ್ಕು ಹಕ್ಕಿಗಳನ್ನು ತಿನ್ನುತ್ತದೆ ಎಂಬ ಆಕ್ಷೇಪ ನಿಜ, ಆದರೆ ಅದು ಬೆಕ್ಕನ್ನು ಬಯಲಿಗೆ ಅಟ್ಟುವುದರ ವಿರುದ್ಧದ ಆಕ್ಷೇಪ. ಇತ್ತ ಪೇಟೆಯಲ್ಲಿ ಖಾಲಿಯಾದ ಜಾಗ ಬಹುಬೇಗ ತುಂಬುತ್ತದೆ: ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಗರ್ಭ ಸುಮಾರು 65 ದಿನ, ಒಂದು ಸೂಲಿಗೆ ಮೂರು–ನಾಲ್ಕು ಮರಿ, ವರ್ಷಕ್ಕೆ ಎರಡು ಮೂರು ಸೂಲು. ಸಂತಾನಹರಣವಾದ ಬೆಕ್ಕು ಜಾಗ ಹಿಡಿದು ಕೂರುತ್ತದೆ, ಮರಿ ಹಾಕುವುದಿಲ್ಲ, ರಾತ್ರಿಯ ಅರಚಾಟವೂ ಇಳಿಯುತ್ತದೆ. ರೇಬಿಸ್ ಭಯವನ್ನು ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಅದನ್ನು ಹೆಚ್ಚಾಗಿ ಹರಡುವುದು ನಾಯಿಯಾದರೂ ಬೆಕ್ಕು ಕಚ್ಚಿದರೂ, ಪರಚಿ ರಕ್ತ ಬಂದರೂ ಗಾಯ ಸಾಬೂನಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಶಸ್ತ್ರಕ್ರಿಯೆಯ ದಿನವೇ ಬೆಕ್ಕಿಗೆ ಲಸಿಕೆ ಹಾಕಿದರೆ ಆ ಭಯವೂ ಕಡಿಮೆ.

ರಸ್ತೆ, ನೀರಿಗೇ ದುಡ್ಡಿಲ್ಲದ ನಗರ ಪರಿಷತ್ತು ಬೆಕ್ಕಿಗೆ ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆ ಕೂಡ. ಆದರೆ ಈ ಸೀಮೆಗೆ ದೊಡ್ಡ ನಗರಗಳಿಗೂ ಸುಲಭಕ್ಕೆ ಸಿಗದ ಅನುಕೂಲವೊಂದಿದೆ: ಉದಗೀರದಲ್ಲಿ ಪಶುವೈದ್ಯ ಕಾಲೇಜಿದೆ. ದೇವಣಿ ತಳಿಯ ಎತ್ತು ಹಸುಗಳ ನಾಡಿನಲ್ಲಿ ಅದರ ಕಣ್ಣು ದನಗಳ ಮೇಲಿರುವುದು ಸರಿಯೇ. ಆದರೂ ಶಸ್ತ್ರಕ್ರಿಯೆ ಕಲಿಯಬೇಕಾದ ವಿದ್ಯಾರ್ಥಿಗಳಿಗೆ ಬೆಕ್ಕು ಬೇಕು, ಪೇಟೆಗೆ ವೈದ್ಯರು ಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಹೆಚ್ಚಿನ ಮಾತು ನಾಯಿಯ ಬಗ್ಗೆ. ಬೆಕ್ಕಿಗಾಗಿ ಬೇರೆ ನಿಯಮ ಬರಲೆಂದು ಕಾದು ಕೂರುವ ಬದಲು ನಗರ ಪರಿಷತ್ತು ಒಂದಷ್ಟು ಪಂಜರ ಮತ್ತು ವಾರಕ್ಕೊಂದು ಗಾಡಿ ಕೊಟ್ಟರೆ, ಅಡತಿಯವರು ಹಿಡಿದುಕೊಡಲು ಒಪ್ಪಿದರೆ, ಮೊದಲ ವರ್ಷ ಹೆಣ್ಣುಬೆಕ್ಕುಗಳ ಶಸ್ತ್ರಕ್ರಿಯೆಯಷ್ಟನ್ನೇ ಮುಗಿಸಬಹುದು. ಶಸ್ತ್ರಕ್ರಿಯೆಯಾದ ಬೆಕ್ಕಿನ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡುವುದು ಹಲವು ಕಡೆಯ ರೂಢಿ. ಯಾವುದು ಆಗಿದೆ, ಯಾವುದು ಬಾಕಿ ಎಂದು ಗದ್ದಿಗೆಯ ಮೇಲೆ ಕುಳಿತೇ ಅಡತಿಯವರು ಹೇಳಬಹುದು.