ಮೋತಿಬಿಂದುವಿನ ಶಸ್ತ್ರಕ್ರಿಯೆಯೂ ವಿಷಮದೃಷ್ಟಿಯ ಪರಿಹಾರವೂ

ಕುಂದಗೋಳದ ಕಡೆಯ ವೃದ್ಧರು ಕಣ್ಣಿನ ಪೊರೆಯನ್ನು, ಅಂದರೆ ಮೋತಿಬಿಂದುವನ್ನು, ತೆಗೆಯಿಸಿಕೊಳ್ಳಲು ನೆರೆಯ ಹುಬ್ಬಳ್ಳಿಗೆ ಹೋಗಿಬರುವುದು ವಾಡಿಕೆ. ಪೊರೆ ಹೋಗಿ ಕೃತಕ ಮಸೂರವು ಒಳಗೆ ಕುಳಿತ ಮೇಲೂ ಕೆಲವರಿಗೆ ಅಕ್ಷರಗಳು ನೆರಳುಗೂಡಿದಂತೆ ತೋರುವುವು. ಬಸ್ಸಿನ ಫಲಕವನ್ನು ಓದಲಾಗದು. ಶಸ್ತ್ರಕ್ರಿಯೆಯೇ ಕೆಟ್ಟಿತೆಂದು ಅವರು ಶಂಕಿಸುವುದುಂಟು. ಆದರೆ ಅನೇಕ ವೇಳೆ ಇದು ಕಣ್ಣಿನಲ್ಲಿ ಮೊದಲೇ ಇದ್ದು, ಪೊರೆಯ ಮರೆಯಲ್ಲಿ ಅಡಗಿದ್ದ ವಿಷಮದೃಷ್ಟಿಯೆಂಬ ದೋಷವು.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಚೆಂಡಿನ ಮೈಯಂತೆ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿದ್ದರೆ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡುವುವು. ಚಮಚದ ಬೆನ್ನಿನಂತೆ ಉದ್ದಕ್ಕೊಂದು, ಅಡ್ಡಕ್ಕೊಂದು ಬಾಗಿದ್ದರೆ ಕೂಡುವ ಸ್ಥಾನಗಳು ಎರಡಾಗುವುವು. ಥಾಮಸ್ ಯಂಗನು 1801ರಲ್ಲಿ ಈ ದೋಷವನ್ನು ತನ್ನ ಕಣ್ಣಿನಲ್ಲಿಯೇ ಕಂಡು ವರ್ಣಿಸಿದನು. 1825ರಲ್ಲಿ ಖಗೋಲಜ್ಞ ಏರಿಯು ಒಂದೇ ದಿಕ್ಕಿಗೆ ಬಾಗಿದ ಗಾಜಿನಿಂದ ತನ್ನ ಕಣ್ಣಿನ ದೋಷವನ್ನು ತಿದ್ದಿಕೊಂಡುದನ್ನು ತಿಳಿಸಿದನು. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರೆಂದು ಬರೆಯುವುದು ಇದನ್ನೇ.

ಬೀಳಗಿಯಲ್ಲಿ ಹುಟ್ಟಿ ನೇತ್ರಶಿಬಿರಗಳಿಂದ ಪ್ರಸಿದ್ಧರಾದ ಡಾ. ಎಂ. ಸಿ. ಮೋದಿಯವರ ಕಾಲದಲ್ಲಿ ಮಸೂರವನ್ನು ತೆಗೆದು ದಪ್ಪ ಗಾಜಿನ ಕನ್ನಡಕವನ್ನು ಕೊಡುವ ಪದ್ಧತಿಯಿದ್ದಿತು. ದೊಡ್ಡ ಗಾಯವೂ ಹೊಲಿಗೆಯೂ ಪಟಲವನ್ನು ಎಳೆದು ವಿಷಮತೆಯನ್ನು ಹೆಚ್ಚಿಸುತ್ತಿದ್ದುವು. ಕನ್ನಡಕವು ಹೇಗೂ ಬೇಕಾಗಿದ್ದುದರಿಂದ ಅದನ್ನೂ ಅಲ್ಲಿಯೇ ತಿದ್ದಬಹುದಾಗಿದ್ದಿತು. ಈಗಿನ ಗಾಯವು ಎರಡು ಮೂರು ಮಿಲಿಮೀಟರಿನಷ್ಟು ಕಿರಿದು. ಆದುದರಿಂದ ತಿದ್ದುಪಡಿಯನ್ನು ಒಳಗಿನ ಮಸೂರದಲ್ಲಿಯೇ ಅಳವಡಿಸುವುದು ಸಾಧ್ಯವಾಯಿತು. ಇಂತಹ ಟೋರಿಕ್ ಮಸೂರವನ್ನು ಜಪಾನಿನ ಶಿಮಿಜು ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವರ್ಣಿಸಿದರು.

ಈ ವಿಧಾನದ ಜೀವವೆಲ್ಲ ಅಕ್ಷದಲ್ಲಿದೆ. ಮಸೂರದ ಅಂಚಿನಲ್ಲಿರುವ ಗುರುತುಗಳು ಪಟಲದ ಅತಿಶಯ ಬಾಗಿನ ರೇಖೆಗೆ ಸರಿಯಾಗಿ ಕೂಡಬೇಕು. ಒಂದು ಡಿಗ್ರಿ ತಪ್ಪಿದರೆ ತಿದ್ದುಪಡಿಯಲ್ಲಿ ಸುಮಾರು ನೂರಕ್ಕೆ 3ರಷ್ಟು ನಷ್ಟವಾಗುವುದು. 10 ಡಿಗ್ರಿಗೆ ಮೂರನೆಯ ಒಂದು ಪಾಲು. 30 ಡಿಗ್ರಿಗೆ ಪೂರ್ತಿ ನಿಷ್ಫಲ. ಅದಕ್ಕೂ ಮೀರಿದರೆ ದೃಷ್ಟಿಯು ಮೊದಲಿಗಿಂತ ಕೆಡುವುದು. ಮನುಷ್ಯನು ಮಲಗಿದಾಗ ಕಣ್ಣುಗುಡ್ಡೆಯು ತುಸು ತಿರುಗುವುದರಿಂದ, ಕುಳಿತಿರುವಾಗಲೇ ಪಟಲದ ಅಂಚಿಗೆ ಶಾಯಿಯಿಂದ ಗುರುತು ಹಾಕುವುದುಂಟು. ರೋಗಿಗೆ ಕ್ಷುಲ್ಲಕವೆನಿಸುವ ಈ ನಿಮಿಷದ ಕೆಲಸದ ಮೇಲೆ ಬೆಲೆಯುಳ್ಳ ಮಸೂರದ ಫಲವೆಲ್ಲ ನಿಂತಿದೆ. ಶಸ್ತ್ರಕ್ರಿಯೆಯ ಮೊದಲ ದಿನಗಳಲ್ಲಿ ಮಸೂರವು ಸರಿದರೆ ಮತ್ತೆ ತಿರುಗಿಸಿ ಕೂಡಿಸಬೇಕಾದೀತು.

ಇದು ಎಲ್ಲರಿಗೂ ಬೇಕಾದುದಲ್ಲ. ವಿಷಮತೆ ಅರ್ಧ ಡಯಾಪ್ಟರಿನಷ್ಟಿದ್ದರೆ ಸಾಮಾನ್ಯ ಮಸೂರವೇ ಸಾಕು. ಹೆಚ್ಚಿದ್ದರೂ ಹಣ ಸಾಲದವನಿಗೆ ಕನ್ನಡಕವು ಅಷ್ಟೇ ಸ್ಪಷ್ಟವಾದ ದೂರದೃಷ್ಟಿಯನ್ನು ಕೊಡಬಲ್ಲದು. ಓದಲಂತೂ ಟೋರಿಕ್ ಮಸೂರದವನಿಗೂ ಸಾಮಾನ್ಯವಾಗಿ ಕನ್ನಡಕ ಬೇಕು. ಇನ್ನು ರಾಶಿಯ ಕಾಲದಲ್ಲಿ ಜೋಳದ ಗರಿ ತಾಗಿ ಪಟಲದ ಮೇಲೆ ಕಲೆಯುಳಿದ ರೈತನ ಕಣ್ಣಿನ ಬಾಗು ಕ್ರಮವಿಲ್ಲದುದು. ಕ್ರಮವಾದ ಎರಡು ಬಾಗುಗಳಿಗಾಗಿ ಮಾಡಿದ ಮಸೂರವು ಅಲ್ಲಿ ಹೊಂದುವುದು ಕಷ್ಟ. ಆದಕಾರಣ ಪಟಲದ ಬಾಗನ್ನು ಪೊರೆ ತೆಗೆಯುವ ಮುನ್ನವೇ ಅಳೆಯಿಸಿ, ಬಂದ ಅಂಕೆಗಳನ್ನು ರೋಗಿಯ ಮನೆಯವರು ಕೇಳಿ ತಿಳಿದುಕೊಳ್ಳತಕ್ಕದ್ದು.