ಎಲೆಕ್ಟ್ರಾನ್ ಸೂಕ್ಷ್ಮದರ್ಶಕ: ನೋಡುವ ಮೊದಲು ಸುರಕ್ಷತೆ

ತೆಂಗಿನ ತೋಟವಿರುವ ಮನೆಯವರಿಗೆಲ್ಲ ನುಸಿ ರೋಗ ಗೊತ್ತು. 1990ರ ದಶಕದ ಕೊನೆಯಲ್ಲಿ ಕರ್ನಾಟಕದ ತೋಟಗಳಿಗೆ ಹಬ್ಬಿದ ಈ ನುಸಿ ಎಳೆಗಾಯಿಯ ತೊಟ್ಟಿನ ಸಂದಿಯಲ್ಲಿ ಕುಳಿತು ರಸ ಹೀರುತ್ತದೆ. ಅದರ ಉದ್ದ ಸುಮಾರು ಕಾಲು ಮಿಲಿಮೀಟರ್. ಜೀವಶಾಸ್ತ್ರ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಅದರ ಆಕಾರ ಕಾಣುತ್ತದೆ. ಮೈಮೇಲಿನ ಉಂಗುರದಂಥ ಗೆರೆಗಳು, ಕಾಲಿನ ತುದಿಯ ರಚನೆ ಸ್ಪಷ್ಟವಾಗಿ ಕಾಣಬೇಕಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು.

ಕಾರಣ ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 400ರಿಂದ 700 ನ್ಯಾನೊಮೀಟರ್. ಎಲೆಕ್ಟ್ರಾನಿನ ತರಂಗದೂರ ಬೇಕಾದರೆ 1.227ನ್ನು ವೋಲ್ಟೇಜಿನ ವರ್ಗಮೂಲದಿಂದ ಭಾಗಿಸಿ. 10,000 ವೋಲ್ಟಿಗೆ ಬರುವ ಉತ್ತರ ಸುಮಾರು 0.012 ನ್ಯಾನೊಮೀಟರ್. ತರಂಗದೂರ ಚಿಕ್ಕದಾದಷ್ಟೂ ಚಿಕ್ಕ ವಸ್ತು ಕಾಣುತ್ತದೆ. 1931ರಲ್ಲಿ ಜರ್ಮನಿಯ ಅರ್ನ್‌ಸ್ಟ್ ರುಸ್ಕ ಮತ್ತು ಮ್ಯಾಕ್ಸ್ ನಾಲ್ ಇಂಥ ಮೊದಲ ಯಂತ್ರ ಮಾಡಿದರು. ರುಸ್ಕ ಅವರಿಗೆ 1986ರಲ್ಲಿ ನೊಬೆಲ್ ಬಂತು. ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರಗಳಲ್ಲಿ ಈ ಯಂತ್ರಗಳಿವೆ. ನಾಳೆ ನಿಮ್ಮಲ್ಲಿ ಯಾರಾದರೂ ಅವುಗಳ ಮುಂದೆ ಕೂರಬಹುದು. ಆಗ ತಿಳಿದಿರಬೇಕಾದ ಕೆಲವು ವಿಷಯಗಳು ಇಲ್ಲಿವೆ.

ಮೊದಲನೆಯದು ವಿದ್ಯುತ್. ನಮ್ಮ ಮನೆಯಲ್ಲಿರುವುದು 230 ವೋಲ್ಟ್. ಈ ಯಂತ್ರಗಳಲ್ಲಿ 30,000 ವೋಲ್ಟ್, ಕೆಲವದರಲ್ಲಿ 3,00,000 ವೋಲ್ಟ್‌ವರೆಗೂ ಇರುತ್ತದೆ. ವೇಗದ ಎಲೆಕ್ಟ್ರಾನ್ ಲೋಹಕ್ಕೆ ಬಡಿದರೆ ಕ್ಷ-ಕಿರಣವೂ ಹುಟ್ಟುತ್ತದೆ. ಅದು ಹೊರಗೆ ಬಾರದಂತೆ ದಪ್ಪ ಲೋಹದ ಕವಚವಿರುತ್ತದೆ, ಮುಚ್ಚಳ ತೆಗೆದರೆ ವಿದ್ಯುತ್ ತಾನೇ ನಿಲ್ಲುವ ಏರ್ಪಾಡೂ ಇರುತ್ತದೆ. ಕವಚ ಬಿಚ್ಚುವುದು, ಆ ಏರ್ಪಾಡನ್ನು ತಪ್ಪಿಸುವುದು ಎಂದಿಗೂ ಕೂಡದು. ದುರಸ್ತಿ ಎಂಜಿನಿಯರರ ಕೆಲಸ.

ಎರಡನೆಯದು ನಿರ್ವಾತ. ಗಾಳಿಯ ಕಣಗಳಿದ್ದರೆ ಎಲೆಕ್ಟ್ರಾನ್ ಚದುರುತ್ತದೆ. ಆದ್ದರಿಂದ ಒಳಗಿನ ಗಾಳಿಯನ್ನು ತೆಗೆದಿರುತ್ತಾರೆ. ಜೀವಂತ ನುಸಿಯನ್ನು ಹಾಗೆಯೇ ಇಟ್ಟರೆ ಮೈಯ ನೀರು ಆವಿಯಾಗಿ ಅದು ಮುದುಡುತ್ತದೆ, ಯಂತ್ರವೂ ಕೊಳೆಯಾಗುತ್ತದೆ. ಹಾಗಾಗಿ ಮಾದರಿಯನ್ನು ಒಣಗಿಸಿ ಚಿನ್ನದ ತೆಳು ಲೇಪ ಕೊಡುತ್ತಾರೆ, ಇಲ್ಲವೇ ಹೆಪ್ಪುಗಟ್ಟಿಸುತ್ತಾರೆ. ಪುಡಿ ಉದುರಬಾರದು, ಮಾದರಿಯ ಎತ್ತರ ಅಳತೆ ಮೀರಬಾರದು. ಅಯಸ್ಕಾಂತಕ್ಕೆ ಅಂಟುವ ವಸ್ತುವಾದರೆ ಮೊದಲೇ ತಿಳಿಸಬೇಕು. ಒಳಗಿನ ಮಸೂರಗಳೇ ವಿದ್ಯುತ್ಕಾಂತಗಳು.

ಮೂರನೆಯದು, ಹೆಪ್ಪುಗಟ್ಟಿಸಲು ಬಳಸುವ ದ್ರವ ಸಾರಜನಕ. ಅದರ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗಾಯವಾಗುತ್ತದೆ. ಮಾದರಿ ಹಿಡಿಯುವ ತೆಳು ಕೈಗವಸು ಇಲ್ಲಿ ಸಾಲದು. ಚಳಿ ತಡೆಯುವ ಸಡಿಲವಾದ ದಪ್ಪ ಕೈಗವಸು, ಮುಖಕವಚ, ಮುಚ್ಚಿದ ಶೂ ಬೇಕು. ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದು: ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗಿ, ಉಸಿರು ಕಟ್ಟುವ ಸೂಚನೆಯೂ ಸಿಗದೆ ಮನುಷ್ಯ ಬೀಳಬಹುದು. ಆದ್ದರಿಂದ ಪಾತ್ರೆಯನ್ನು ಬಿಗಿಯಾಗಿ ಮುಚ್ಚಬಾರದು, ಅದರ ಜೊತೆ ಲಿಫ್ಟಿನಲ್ಲಿ ಯಾರೂ ಹೋಗಬಾರದು. ಆಮ್ಲಜನಕದ ಅಲಾರಂ ಕೂಗಿದರೆ ಮೊದಲು ಹೊರಗೆ ಬನ್ನಿ, ಆಮೇಲೆ ವಿಚಾರಿಸಿ. ಒಳಗೆ ಯಾರಾದರೂ ಬಿದ್ದಿದ್ದರೂ ಒಬ್ಬರೇ ನುಗ್ಗಬೇಡಿ; ಉಸಿರಾಟದ ಸಾಧನವಿರುವವರನ್ನು ಕರೆಯಿರಿ.

ನಾಲ್ಕನೆಯದು ರಾಸಾಯನಿಕ. ಜೀವಕೋಶಗಳನ್ನು ಸ್ಥಿರಗೊಳಿಸುವ ಆಸ್ಮಿಯಂ ಟೆಟ್ರಾಕ್ಸೈಡಿನ ಆವಿ ಕಣ್ಣಿಗೆ ತುಂಬ ಹಾನಿಕರ. ಅದನ್ನು ಹೊಗೆ ಹೀರುವ ಗೂಡಿನೊಳಗೇ ಬಳಸಬೇಕು.

ಇದೆಲ್ಲ ಬರೀ ಹೆದರಿಕೆಯ ಮಾತಲ್ಲ. 2018ರ ಡಿಸೆಂಬರ್ 5ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಬೇರೊಂದು ಪ್ರಯೋಗಾಲಯದಲ್ಲಿ ಅನಿಲ ಸಿಲಿಂಡರ್ ಸ್ಫೋಟಿಸಿ ಒಬ್ಬ ಯುವ ಸಂಶೋಧಕರು ತೀರಿಕೊಂಡರು, ಮೂವರು ಗಾಯಗೊಂಡರು. ಅವರು ಕಲಿತವರೇ, ದೇಶದ ಅತ್ಯುತ್ತಮ ಸಂಸ್ಥೆಯಲ್ಲಿದ್ದವರೇ.

ಸುರಕ್ಷತೆಯ ಅಭ್ಯಾಸ ದೊಡ್ಡ ಯಂತ್ರದ ಮುಂದೆ ಒಂದೇ ದಿನದಲ್ಲಿ ಬರುವುದಿಲ್ಲ. ಆಮ್ಲದ ಬಾಟಲಿಯ ಹೆಸರುಚೀಟಿ ಓದುವುದು, ಬಾಯಿಂದ ಪಿಪೆಟ್ ಎಳೆಯದಿರುವುದು, ಗಾಜು ಒಡೆದರೆ ಮುಚ್ಚಿಡದೆ ಉಪನ್ಯಾಸಕರಿಗೆ ಹೇಳುವುದು: ಅದು ಇಲ್ಲಿಂದಲೇ ಶುರು. ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಅವಕಾಶ ಸಿಕ್ಕರೆ ಹೋಗಿ ನೋಡಿ. ಯಂತ್ರದ ಜೊತೆಗೆ ಅದರ ಬಾಗಿಲ ಮೇಲಿನ ಎಚ್ಚರಿಕೆ ಫಲಕವನ್ನೂ ಓದಿ ಬನ್ನಿ.