ಮರಳಿನಲ್ಲಿ ಉಳಿದ ಹಡಗು

ಹಡಗು ಒಡೆಯಿತೆಂದರೆ ನಮ್ಮ ಕಣ್ಣ ಮುಂದೆ ಬರುವುದು ನಡುಗಡಲು, ಬಿರುಗಾಳಿ, ತಳ ಕಾಣದ ಆಳ. ‘ಆಮ್‌ಸ್ಟರ್‌ಡಾಂ’ ಎಂಬ ಡಚ್ಚರ ಹಡಗಿನ ಕಥೆ ಹಾಗಲ್ಲ. ಅದು ಮುಳುಗಿದ್ದಲ್ಲ, ಹೂತದ್ದು. ಅದೂ ಇಂಗ್ಲೆಂಡಿನ ದಕ್ಷಿಣ ತೀರದ ಹೇಸ್ಟಿಂಗ್ಸ್ ಪಟ್ಟಣದ ಮಗ್ಗುಲಲ್ಲಿರುವ ಬಲ್ವರ್‌ಹೈತ್ ದಂಡೆಯಲ್ಲಿ. ಸಮುದ್ರವು ಬಹುದೂರ ಹಿಂಜರಿಯುವ ದೊಡ್ಡ ಇಳಿತದ ದಿನಗಳಲ್ಲಿ ಅದರ ಪಕ್ಕೆಯ ತೊಲೆಗಳು ಮರಳಿನಿಂದ ತಲೆಯೆತ್ತುತ್ತವೆ.

ಈ ಹಡಗು ಡಚ್ ಈಸ್ಟ್ ಇಂಡಿಯಾ ಕಂಪನಿಯದು. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಸಿದುಕೊಂಡವರು ಈ ಕಂಪನಿಯವರೇ. 1749ರ ಜನವರಿಯಲ್ಲಿ, ಮುನ್ನೂರಕ್ಕೂ ಮಿಕ್ಕ ಜನ, ಬಟ್ಟೆ, ದ್ರಾಕ್ಷಾರಸ, 27 ಪೆಟ್ಟಿಗೆ ಬೆಳ್ಳಿ ಇಷ್ಟನ್ನು ಹೊತ್ತು ಅದು ಜಾವಾ ದ್ವೀಪದ ಬತಾವಿಯಕ್ಕೆ ಹೊರಟಿತು. ಮೊದಲ ಯಾತ್ರೆ. ಕಡಲ್ಗಾಲುವೆಯಲ್ಲೇ ಬಿರುಗಾಳಿಗೆ ಸಿಕ್ಕಿ ಚುಕ್ಕಾಣಿ ಮುರಿಯಿತು. ಒಳಗೆ ರೋಗ ಹಬ್ಬಿ ಜನ ಸಾಯತೊಡಗಿದರು. ಉಳಿದವರು ಮಾತು ಕೇಳದಾದರು. ಜನವರಿ 26ರಂದು ಕಪ್ತಾನ ವಿಲೆಂ ಕ್ಲುಂಪ್ ಹಡಗನ್ನು ದಡಕ್ಕೇರಿಸಿದ. ಬೆಳ್ಳಿಯ ಬಹುಪಾಲನ್ನು ಹೊರತೆಗೆದರು. ಮಿಕ್ಕದ್ದನ್ನು ತೆಗೆಯುವ ಮೊದಲೇ ಮೆತ್ತನೆಯ ಜೇಡಿ ಅದನ್ನು ನುಂಗಿತು.

ನುಂಗಿದ್ದೇ ಲೇಸಾಯಿತು. ಮರವನ್ನು ತಿನ್ನುವುದು ನೀರಲ್ಲ, ಗಾಳಿಯ ಆಸರೆಯಿಂದ ಬದುಕುವ ಜೀವಿಗಳು. ಹಡಗುಹುಳು ಎಂಬುದೊಂದುಂಟು, ಹೆಸರು ಹುಳುವಾದರೂ ಜಾತಿ ಚಿಪ್ಪಿನದು. ಅದಕ್ಕೂ ಆಮ್ಲಜನಕ ಬೇಕು. ಜೇಡಿಯೊಳಗೆ ಅದು ದೊರೆಯದು. ನಮ್ಮ ಹಳೆಯ ಬಾವಿಗಳ ತಳದಲ್ಲಿ ಕೂರಿಸಿದ ಮರದ ಚೌಕಟ್ಟು ತಲೆಮಾರುಗಟ್ಟಲೆ ಬಾಳುವುದೂ ಇದೇ ಕಾರಣದಿಂದ. ಹೀಗೆ ಹಡಗಿನ ಒಡಲು ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಕೆಟ್ಟದ್ದು ಮನುಷ್ಯನ ಕೈಯಿಂದ. 1969ರಲ್ಲಿ ಹತ್ತಿರದಲ್ಲೇ ಕಾಮಗಾರಿಗೆ ಬಂದಿದ್ದವರು ಯಂತ್ರದ ಸನಿಕೆಯಿಂದ ಹಡಗನ್ನು ಬಗೆದರು. ಕಂಚಿನ ಫಿರಂಗಿಗಳು, ಮದ್ಯ ತುಂಬಿದ್ದಂತೆಯೇ ಇದ್ದ ಸೀಸೆಗಳು ಮೇಲೆ ಬಂದವು. ಯಾವುದು ಎಲ್ಲಿತ್ತೆಂಬ ಸುದ್ದಿ ಹೋಯಿತು. ಒಂದು ಕಾಲ್ಜೋಡು ಅಧಿಕಾರಿಯ ಕೋಣೆಯಲ್ಲಿ ಸಿಕ್ಕರೆ ಒಂದು ಅರ್ಥ, ನಾವಿಕರು ಮಲಗುವಲ್ಲಿ ಸಿಕ್ಕರೆ ಬೇರೊಂದು. ಬೆಳ್ಳಿಯ ಲೆಕ್ಕ ಕಂಪನಿಯ ಕಡತದಲ್ಲಿಯೇ ಉಂಟು. ಬಡ ನಾವಿಕನ ಚಮಚದ ಲೆಕ್ಕ ಬರೆದಿಟ್ಟವರಾರು? ಪೀಟರ್ ಮಾರ್ಸ್‌ಡನ್ ಎಂಬ ಪ್ರಾಕ್ತನ ಶಾಸ್ತ್ರಜ್ಞರು ಅದೇ ವರ್ಷ ಹಡಗನ್ನು ಪರೀಕ್ಷಿಸಿ, ಅಗೆತ ನಿಲ್ಲಬೇಕೆಂದು ಹೇಳಿದರು. ಹೀಗೆ ಒಡೆದ ಹಡಗುಗಳ ರಕ್ಷಣೆಗೆಂದೇ 1973ರಲ್ಲಿ ಬ್ರಿಟನ್ನಿನಲ್ಲಿ ಕಾಯಿದೆಯಾಯಿತು. 1974ರಲ್ಲಿ ಅದು ಈ ಹಡಗಿಗೂ ಅನ್ವಯವಾಯಿತು. 1984ರಿಂದ 1986ರ ವರೆಗೆ ಡಚ್ ವಿದ್ವಾಂಸರ ಮುಂದಾಳುತನದಲ್ಲಿ ಮುಳುಗುಗಾರರು ಕ್ರಮವಾಗಿ ಶೋಧಿಸಿದರು.

ಮಾರ್ಸ್‌ಡನ್ನರು 1986ರಲ್ಲಿ ಹೇಸ್ಟಿಂಗ್ಸಿನಲ್ಲಿ ಒಡೆದ ಹಡಗುಗಳ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಅದು ಸರ್ಕಾರದ್ದಲ್ಲ, ಒಂದು ಧರ್ಮಸಂಸ್ಥೆಯ ಆಶ್ರಯದಲ್ಲಿ, ಬಹುಮಟ್ಟಿಗೆ ಸ್ವಯಂಸೇವಕರ ದುಡಿಮೆಯಿಂದ ನಡೆದುಬಂದದ್ದು. ಅಲ್ಲಿ ‘ಆಮ್‌ಸ್ಟರ್‌ಡಾಂ’ನ ಜೊತೆಗೆ, 1690ರಲ್ಲಿ ಫ್ರೆಂಚರ ಕೈಗೆ ಸಿಕ್ಕದಿರಲೆಂದು ತನ್ನವರೇ ಸುಟ್ಟ ‘ಆನ್’ ಎಂಬ ಯುದ್ಧನೌಕೆಯ ಕಥೆಯೂ ಉಂಟು. ಅತ್ತ ಆಮ್‌ಸ್ಟರ್‌ಡಾಂ ನಗರದಲ್ಲಿ ನಾನೂರು ಸ್ವಯಂಸೇವಕರು 1985ರಿಂದ 1990ರ ವರೆಗೆ ದುಡಿದು ಇದರದೇ ಪಡಿಯಚ್ಚಾದ ಹಡಗೊಂದನ್ನು ಕಟ್ಟಿದರು.

ಹಾಗಾದರೆ ಮೂಲವನ್ನೇ ಎತ್ತಬಾರದೆ? ಎತ್ತಬೇಕೆಂಬ ಮಾತು ಬಂದದ್ದುಂಟು. ಆದರೆ ನೀರುಂಡ ಮರ ಒಣಗಿದರೆ ಕುಗ್ಗಿ ಸೀಳುತ್ತದೆ. 1982ರಲ್ಲಿ ಎತ್ತಿದ ‘ಮೇರಿ ರೋಸ್’ ಎಂಬ ಹಡಗಿಗೆ ಮೊದಲು ನೀರು, ಅನಂತರ ಮೇಣದಂಥ ದ್ರವ್ಯ, ಹೀಗೆ 2013ರ ವರೆಗೆ ಚಿಮುಕಿಸಬೇಕಾಯಿತು. ಮೂವತ್ತು ವರ್ಷದ ಶುಶ್ರೂಷೆ! ಅಷ್ಟು ಹಣವೂ ತಾಳ್ಮೆಯೂ ಕೂಡಿಬರುವ ತನಕ ಜೇಡಿಯೇ ಮೇಲೆಂದು ನನಗೆ ತೋರುತ್ತದೆ. ಹಡಗಿನ ಒಡೆತನ ಡಚ್ ಸರ್ಕಾರದ್ದು, ಕಾವಲು ಇಂಗ್ಲಿಷ್ ಕಾಯಿದೆಯದು. ಅಪ್ಪಣೆಯಿಲ್ಲದೆ ಅಲ್ಲಿ ಅಗೆಯುವಂತಿಲ್ಲ.